ಹುಣಸೆಮರದ ಪರವಾಗಿ ವಕೀಲರು ಯಾರು?

ಸಿ.ಎನ್. ದುರ್ಗ ಸೀಮೆಯ ಮರಗಳಿಗೂ ಒಂದು ಕಾನೂನಿದೆ. ಅದು ಜನಕ್ಕೆ ಗೊತ್ತಿಲ್ಲದಿರುವುದೇ ಕೊಡಲಿಯವರ ಅದೃಷ್ಟ!

ಬಸ್ಸಿಗೆ ಕಾದು ನಿಂತವರು ಬಸ್ಸು ಬರುವ ದಿಕ್ಕನ್ನು ನೋಡುತ್ತಾರೆಯೇ ಹೊರತು ತಲೆಯ ಮೇಲೆ ನೋಡುವುದಿಲ್ಲ. ಒಮ್ಮೆ ನೋಡಿದರೆ ಅಲ್ಲೊಂದು ಹುಣಸೆಮರವೋ, ಹೊಂಗೆಯೋ, ಬೇವೋ ಕಂಡೀತು. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಸರ್ಕಾರ ತಂಗುದಾಣ ಕಟ್ಟಿಸುವುದಕ್ಕೆ ಮೊದಲು ತಂಗುದಾಣವಾಗಿದ್ದದ್ದು ಮರವೇ. ಕಟ್ಟಿಸಿದ ಮೇಲೂ ಜನ ನಿಲ್ಲುವುದು ಮರದ ಕೆಳಗೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ತಾರಸಿಯ ಕೆಳಗೆ ಕೂತು ಬೇಯುವುದಕ್ಕೆ ನಾವೇನು ಮುದ್ದೆಯೇ?

ಅಂಗಡಿಯವರಿಗಂತೂ ಈ ಮರ ಬಂಡವಾಳ ಹಾಕದ ಪಾಲುದಾರ. ಮರವಿದ್ದ ಕಡೆ ಜನ ನಿಲ್ಲುತ್ತಾರೆ, ಜನ ನಿಂತ ಕಡೆ ಟೀ ಖರ್ಚಾಗುತ್ತದೆ, ಬಾಳೆಹಣ್ಣು ಖರ್ಚಾಗುತ್ತದೆ, ಪಂಕ್ಚರ್ ಹಾಕುವವನ ಹೊಟ್ಟೆ ತುಂಬುತ್ತದೆ. ಆದರೂ ಒಂದು ಬೆಳಿಗ್ಗೆ ಬಂದು ನೋಡಿದರೆ ಮರದ ಬುಡ ಕರ್ರಗೆ ಸುಟ್ಟಿರುತ್ತದೆ. ಇನ್ನೊಂದು ಬೆಳಿಗ್ಗೆ ಮರವೇ ಇರುವುದಿಲ್ಲ. "ಯಾರು ಕಡಿದ್ರು?" ಎಂದರೆ "ಗೊತ್ತಿಲ್ಲ ಸ್ವಾಮಿ, ಆರ್ಡರ್ ಇತ್ತಂತೆ" ಎಂಬ ಉತ್ತರ. ಯಾರ ಆರ್ಡರು? ಯಾವ ಕಾಯಿದೆಯ ಆರ್ಡರು? ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಕೆಲಸ.

1976ರ ಕಾಯಿದೆ ಏನನ್ನುತ್ತದೆ?

ನಮ್ಮ ರಾಜ್ಯದಲ್ಲಿ ಮರಗಳಿಗೆಂದೇ ಒಂದು ಕಾಯಿದೆ ಇದೆ. ಅದರ ಹೆಸರು ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ, 1976. ಅದರ ನಿಯಮಗಳು ಬಂದದ್ದು ಮರುವರ್ಷ, 1977ರಲ್ಲಿ. ಕಾಡಿನ ಮರಕ್ಕೆ 1963ರ ಕರ್ನಾಟಕ ಅರಣ್ಯ ಕಾಯಿದೆ ಬೇರೆಯೇ ಇದೆ. ಚನ್ನರಾಯನದುರ್ಗದ ಕೋಟೆ ಬೆಟ್ಟದ ಮಗ್ಗುಲಲ್ಲೋ ಸಿದ್ದರಬೆಟ್ಟದ ಕಡೆಯೋ ಅರಣ್ಯ ಇಲಾಖೆಯ ಗಡಿ ಕಲ್ಲಿನ ಒಳಗೆ ಕೊಡಲಿ ಎತ್ತಿದರೆ ಅದು ಅರಣ್ಯ ಕಾಯಿದೆಯ ಪಾಲು. 1976ರ ಕಾಯಿದೆಯ ಕಣ್ಣಿರುವುದು ಊರೊಳಗಿನ ಮರದ ಮೇಲೆ, ರಸ್ತೆ ಬದಿಯ ಮರದ ಮೇಲೆ, ನಮ್ಮ ನಿಮ್ಮ ಹೊಲದ ಬದುವಿನ ಮರದ ಮೇಲೆ.

ಅದರ ಮುಖ್ಯ ಮಾತು ಬಹಳ ಸರಳ. ಮರ ನಿಮ್ಮದೇ ಇರಲಿ, ಜಮೀನು ನಿಮ್ಮ ಹೆಸರಲ್ಲೇ ಇರಲಿ, ವೃಕ್ಷಾಧಿಕಾರಿಯ ಅಪ್ಪಣೆ ಇಲ್ಲದೆ ಮರ ಕಡಿಯಬಾರದು. ಈ ವೃಕ್ಷಾಧಿಕಾರಿ ಅಂದರೆ ಬೇರೆ ಯಾರೂ ಅಲ್ಲ, ಅರಣ್ಯ ಇಲಾಖೆಯ ಅಧಿಕಾರಿಯೇ. ನಮ್ಮ ಕಡೆಯವರು ಅರ್ಜಿ ಹಿಡಿದುಕೊಂಡು ಹೋಗುವುದು ರೇಂಜ್ ಆಫೀಸಿಗೆ. ಅರ್ಜಿ ಬಂದ ಮೇಲೆ ಅವರು ಮರವನ್ನು ನೋಡಬೇಕು, ವಿಚಾರಿಸಬೇಕು, ಆಮೇಲೆ ಹೂಂ ಅನ್ನಬೇಕು ಇಲ್ಲವೆ ಊಹೂಂ ಅನ್ನಬೇಕು. ಊಹೂಂ ಅಂದರೆ ಮೇಲ್ಮನವಿ ಸಲ್ಲಿಸುವುದಕ್ಕೂ ದಾರಿ ಉಂಟು.

"ಕಡಿಯುವುದು" ಎಂದರೆ ಕೊಡಲಿಯಲ್ಲೋ ಗರಗಸದಲ್ಲೋ ಉರುಳಿಸುವುದು ಮಾತ್ರ ಎಂದು ತಿಳಿಯಬೇಡಿ. ಮರವನ್ನು ಸುಡುವುದು, ಬೇರೆ ಯಾವ ರೀತಿಯಲ್ಲಾದರೂ ಹಾಳುಗೆಡಹುವುದು ಕೂಡ ಈ ಕಾಯಿದೆಯ ಲೆಕ್ಕದಲ್ಲಿ ಕಡಿದಂತೆಯೇ. ಅಂದರೆ ರಾತ್ರಿ ಹೊತ್ತು ಬುಡಕ್ಕೆ ಟೈರು ಒಟ್ಟಿ ಬೆಂಕಿ ಹಾಕುವವರೂ, ಸುತ್ತ ತೊಗಟೆ ಸುಲಿದು ನಿಧಾನಕ್ಕೆ ಒಣಗಿಸುವವರೂ, ತೂತು ಕೊರೆದು ಆಸಿಡ್ ಹುಯ್ಯುವ ಮಹಾಶಯರೂ "ನಾವು ಕಡಿದೇ ಇಲ್ಲ, ಅದೇ ಒಣಗಿತು" ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಹಾಗೆಂದು ಈ ಕಾಯಿದೆ ರೈತನ ಕೈಕಾಲು ಕಟ್ಟಿ ಕೂರಿಸಿದೆ ಎಂದೂ ಹೇಳಲಾಗದು. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಬಲಿತು ಕಟಾವಿಗೆ ಬಂದಿದ್ದರೆ, ಮನೆ ಮೇಲೋ ಜನದ ಮೇಲೋ ಬೀಳುವ ಅಪಾಯವಿದ್ದರೆ, ಓಡಾಟಕ್ಕೆ ಅಡ್ಡವಾಗಿದ್ದರೆ ಅಪ್ಪಣೆ ಕೊಡಬೇಕಾದ ಸಂದರ್ಭಗಳೆಂದು ಅದೇ ಕಾಯಿದೆ ಹೇಳುತ್ತದೆ. ಹಳ್ಳಿಯ ಕಡೆ ಸೌದೆಗೆ, ಮೇವಿಗೆ, ನೇಗಿಲು ನೊಗದಂಥ ಬೇಸಾಯದ ಸಾಮಾನಿಗೆ, ಮನೆ ಬಳಕೆಗೆ ಬೇಕಾದರೂ ಅಷ್ಟೆ. ಮಗಳ ಮದುವೆಗೆ ಬದುವಿನ ಮರ ಮಾರುವ ಬಡವನನ್ನು ಕಳ್ಳನೆಂದು ನೋಡುವ ಕಾನೂನಲ್ಲ ಇದು. ಕೇಳಿ ಕಡಿ ಅನ್ನುತ್ತದೆ. ಕಡಿದ ಮೇಲೆ ಒಂದು ನೆಡು ಅನ್ನುತ್ತದೆ. ಕಡಿದ 30 ದಿನದೊಳಗೆ ಅದೇ ಜಾಗದಲ್ಲೋ ಬೇರೆ ತಕ್ಕ ಜಾಗದಲ್ಲೋ ಸಸಿ ನೆಡಬೇಕೆಂಬುದು ಅಪ್ಪಣೆಯ ಜೊತೆಗೇ ಬರುವ ಷರತ್ತು. ಅಪ್ಪಣೆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಾವು ಈ ಷರತ್ತನ್ನು ಮಾತ್ರ ಆಫೀಸಿನ ಮೆಟ್ಟಿಲಲ್ಲೇ ಮರೆತು ಬರುತ್ತೇವೆ!

ಕೇಳದೆ ಕಡಿಯಬಹುದಾದ ಮರಗಳು

ಎಲ್ಲ ಮರಕ್ಕೂ ಈ ರಗಳೆ ಇಲ್ಲ. ತೆಂಗು, ನೀಲಗಿರಿ, ಗಾಳಿಮರ, ಸುಬಾಬುಲ್, ಸಿಲ್ವರ್ ಓಕ್, ಗೊಬ್ಬರದ ಗಿಡ ಗ್ಲಿರಿಸಿಡಿಯ, ನಮ್ಮ ಕೆರೆ ಅಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿ ಮುಂತಾದವನ್ನು ನಿಮ್ಮ ಜಮೀನಿನಲ್ಲಿ ಕಡಿಯುವುದಕ್ಕೆ ಕಾಯಿದೆಯ ಅಪ್ಪಣೆ ಬೇಡ. ಈ ವಿನಾಯಿತಿ ಪಟ್ಟಿಗೆ ಮುಂದೆ ಇನ್ನಷ್ಟು ಜಾತಿಗಳನ್ನು ಸೇರಿಸಿದ್ದಾರೆ. ಆದ್ದರಿಂದ ಕೊಡಲಿ ಸಾಣೆ ಹಿಡಿಸುವ ಮುನ್ನ ರೇಂಜ್ ಆಫೀಸಿನಲ್ಲಿ ಪಟ್ಟಿ ನೋಡಿಕೊಳ್ಳುವುದು ಜಾಣತನ. ಮಧ್ಯವರ್ತಿ "ಎಲ್ಲಾ ನಾನು ನೋಡ್ಕೊತೀನಿ ಬಿಡಣ್ಣ" ಎಂದರೆ ನಂಬಬೇಡಿ. ಲಾರಿ ಸಿಕ್ಕಿಬಿದ್ದ ದಿನ ಅವನು ಕಾಣಿಸುವುದಿಲ್ಲ, ಪಹಣಿಯಲ್ಲಿ ಹೆಸರಿರುವ ನೀವು ಕಾಣಿಸುತ್ತೀರಿ.

ಇನ್ನು ರಸ್ತೆ ಬದಿಯ ಮರ, ಗುಂಡುತೋಪಿನ ಮರ, ಕೆರೆ ಏರಿಯ ಮರ ಇವು ಯಾವ ಜಾತಿಯವೇ ಆಗಿರಲಿ, ಸ್ವಂತದವಲ್ಲ. ಅವು ಸರ್ಕಾರದವು, ಅಂದರೆ ಎಲ್ಲರವು. "ನಮ್ಮಜ್ಜ ನೆಟ್ಟಿದ್ದು" ಎಂಬ ಮಾತಿಗೆ ಊರಲ್ಲಿ ಗೌರವ ಸಿಕ್ಕೀತು, ಕಚೇರಿಯಲ್ಲಿ ಬೆಲೆ ಇಲ್ಲ. ಗುಂಡುತೋಪು ಎಂಬುದು ಕಂದಾಯದ ದಾಖಲೆಯಲ್ಲೇ ಇರುವ ಹೆಸರು. ದಾರಿಹೋಕರಿಗೆ ನೆರಳು, ದನಕ್ಕೆ ತಂಪು, ಜಾತ್ರೆಗೆ ಬಂದ ಗಾಡಿ ಬಿಡುವುದಕ್ಕೆ ಜಾಗ ಎಂದು ಹಿರಿಯರು ಬಿಟ್ಟ ತೋಪು ಅದು. ಹೀಗೆ ಸಾರ್ವಜನಿಕ ಕೆಲಸಕ್ಕೆ ಕಾದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆಯದಕ್ಕೆ ಬಳಸಬಾರದೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ನಿಮ್ಮೂರಿನ ಗುಂಡುತೋಪು ದಾಖಲೆಯಲ್ಲಿ ಎಷ್ಟು ಎಕರೆ, ನೆಲದ ಮೇಲೆ ಎಷ್ಟು ಗುಂಟೆ ಎಂದು ಒಂದು ಸಲ ಕೇಳಿ ನೋಡಿ.

ನೀಲಗಿರಿ ಕಿತ್ತು ಹುಣಸೆ ಬಿತ್ತಿದ ಜಿಲ್ಲೆ

ಮರದ ವಿಚಾರ ಬಂದರೆ ತುಮಕೂರು ಜಿಲ್ಲೆಯವರು ತಲೆ ತಗ್ಗಿಸಬೇಕಾಗಿಲ್ಲ. 1980ರ ದಶಕದ ಮೊದಲಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಎಲ್ಲೆಲ್ಲೂ ನೀಲಗಿರಿ ನೆಡುತ್ತಿದ್ದರು. ಹೊಲವಿದ್ದ ಕಡೆ ರಾಗಿ ಹೋಗಿ ನೀಲಗಿರಿ ಬಂತು, ಕೂಲಿ ಹೋಯಿತು, ಬಾವಿ ನೀರು ಇಳಿಯಿತು ಎಂಬ ಕೂಗೆದ್ದಿತು. 1983ರ ಆಗಸ್ಟ್ ತಿಂಗಳಲ್ಲಿ ಇದೇ ಜಿಲ್ಲೆಯ ರೈತರು ಗುಂಪು ಕಟ್ಟಿಕೊಂಡು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಸುಮ್ಮನೆ ಕಿತ್ತು ಬರಲಿಲ್ಲ. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿ ಬಂದರು. ಅದಾದ ಮುಂದಿನ ತಿಂಗಳಲ್ಲೇ ಶಿರಸಿಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ದೇಶಕ್ಕೆಲ್ಲ ಗೊತ್ತಾಯಿತು. ನಮ್ಮವರ ಕೆಲಸಕ್ಕೆ ಮಾತ್ರ ಅಷ್ಟು ಪ್ರಚಾರ ಸಿಗಲಿಲ್ಲ. ಹೊಸದಾಗಿ ನೀಲಗಿರಿ ಬೆಳೆಸಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿದ್ದು 2017ರಲ್ಲಿ. ರೈತ 1983ರಲ್ಲಿ ಹೇಳಿದ್ದು ಸರ್ಕಾರದ ಕಿವಿಗೆ ಬೀಳಲು 34 ವರ್ಷ ಬೇಕಾಯಿತು!

ಬಿತ್ತುವುದಕ್ಕೆ ಹುಣಸೆಯನ್ನೇ ಏಕೆ ಆರಿಸಿದರು? ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷವೂ ಕೈ ಹಿಡಿಯುವ ಮರ ಹುಣಸೆ. ಬೀಜದಿಂದ ಬಂದ ಗಿಡ ಫಲ ಕೊಡುವುದಕ್ಕೆ ಎಂಟು ಹತ್ತು ವರ್ಷ ಕಾಯಿಸುತ್ತದೆ. ಒಮ್ಮೆ ಶುರುವಾದರೆ ನೂರು ವರ್ಷವಾದರೂ ನಿಲ್ಲಿಸುವುದಿಲ್ಲ. ನೀರು ಕೇಳದು, ಗೊಬ್ಬರ ಕೇಳದು, ಔಷಧಿ ಕೇಳದು. ಬೇಸಿಗೆಯಲ್ಲಿ ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ ಬಡಿಯುವವನಿಗೆ, ಆಯುವವಳಿಗೆ, ಜಗಲಿಯ ಮೇಲೆ ಕುಟ್ಟಿ ಬೀಜ ತೆಗೆಯುವ ಮುದುಕಿಗೆ ಎಲ್ಲರಿಗೂ ನಾಲ್ಕು ಕಾಸು. ತುಮಕೂರಿನ ಹುಣಸೆ ಮಂಡಿಗೆ ಹೊರ ರಾಜ್ಯಗಳಲ್ಲೂ ಹೆಸರಿದೆ. ರಸ್ತೆ ಬದಿಯ ಹುಣಸೆಯ ಫಸಲನ್ನು ಹರಾಜು ಹಾಕುವುದರಿಂದ ಸರ್ಕಾರಕ್ಕೂ ದುಡ್ಡು.

ಅದೇ ಮರ ಉರುಳಿದರೆ? ಇಟ್ಟಿಗೆ ಗೂಡಿಗೆ ಒಂದು ಲೋಡು ಸೌದೆ, ಮಾಂಸದಂಗಡಿಗೆ ನಾಲ್ಕು ಕೊರಡು. ಅಲ್ಲಿಗೆ ಮುಗಿಯಿತು ಲೆಕ್ಕ. ನೂರು ವರ್ಷದ ಬಡ್ಡಿ ಬಿಟ್ಟು ಒಂದು ದಿನದ ಅಸಲು ತಿನ್ನುವ ವ್ಯಾಪಾರ ಇದು. ಯಾವ ಸೆಟ್ಟರು ಒಪ್ಪಿಯಾರು ಹೇಳಿ?

ಹಳೇ ಮರದಲ್ಲಿ ಏನೇನು ಅಡಗಿರುತ್ತದೋ ಯಾರು ಬಲ್ಲರು? ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಒಂದೇ ಒಂದು ಹಲಸಿನ ಮರ, ಕೆಂಪು ತೊಳೆಯ ರುಚಿಯಾದ ಹಣ್ಣಿನಿಂದಾಗಿ ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರ ಕಣ್ಣಿಗೆ ಬಿತ್ತು. "ಸಿದ್ದು ಹಲಸು" ಎಂದು ಹೆಸರಾಗಿ 2017ರಿಂದ ಅದರ ಕಸಿ ಗಿಡಗಳಿಗೆ ಬೇಡಿಕೆಯೋ ಬೇಡಿಕೆ. ನೆಟ್ಟ ಮನೆಯವರಿಗೆ ಆ ಮರವೇ ಆಸ್ತಿಯಾಯಿತು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಅದೂ ಹುಣಸೆ, ನಮ್ಮದೂ ಹುಣಸೆ. ಅದಕ್ಕೆ ಬೋರ್ಡು ಹಾಕಿ ಕಾಯುತ್ತಾರೆ, ನಮ್ಮದಕ್ಕೆ ಮೊಳೆ ಹೊಡೆದು ಬೋರ್ಡು ಹಾಕುತ್ತೇವೆ. ವ್ಯತ್ಯಾಸ ಇಷ್ಟೇ.

ಗಂಧದ ಗಿಡ ಕಂಡರೆ ಗಡಗಡ

ಕಾನೂನು ಮರವನ್ನು ಕಾಯುವ ಬದಲು ಕೊಂದ ಕತೆಯೂ ಒಂದಿದೆ. ಅದು ಶ್ರೀಗಂಧದ ಕತೆ. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ಗಂಧ ರಾಜವೃಕ್ಷವಾಯಿತೆನ್ನುತ್ತಾರೆ. ಆಮೇಲೆ ಅರಸರು ಬಂದರು, ಸ್ವಾತಂತ್ರ್ಯ ಬಂತು, ಗಂಧ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ನಿಮ್ಮ ಹಿತ್ತಲಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಗಿಡವೂ ಸರ್ಕಾರದ್ದು. ಅದನ್ನು ಕಾಯುವ ಹೊಣೆ ಮಾತ್ರ ನಿಮ್ಮದು. ಕಳವಾದರೆ ಮೊದಲು ವಿಚಾರಣೆ ಮನೆ ಯಜಮಾನನಿಗೆ! ಯಾರಿಗೆ ಬೇಕು ಈ ಉಸಾಬರಿ ಎಂದು ರೈತರು ಗಂಧದ ಸಸಿ ಕಂಡಲ್ಲೇ ಕಿತ್ತು ಬಿಸಾಡಿದರು. ಬೆಲೆಬಾಳುವ ಮರ ಕಳೆಯಾಯಿತು.

ಕೊನೆಗೆ ಸರ್ಕಾರಕ್ಕೂ ಅರಿವಾಗಿ, 2001ರ ತಿದ್ದುಪಡಿಯಲ್ಲಿ ಜಮೀನು ಯಾರದೋ ಗಂಧವೂ ಅವರದೇ ಎಂದು ಅರಣ್ಯ ಕಾಯಿದೆಯನ್ನು ಬದಲಾಯಿಸಿತು. ಇವತ್ತು ನಿಮ್ಮ ಜಮೀನಿನಲ್ಲಿ ಗಂಧ ನೆಡಬಹುದು, ಒಡೆಯರೂ ನೀವೇ. ಆದರೆ ಕಡಿಯುವುದಕ್ಕೆ, ಸಾಗಿಸುವುದಕ್ಕೆ, ಮಾರುವುದಕ್ಕೆ ಅಪ್ಪಣೆ ಬೇಕೇ ಬೇಕು. ತೇಗ, ಬೀಟೆ, ಹೊನ್ನೆಯಂಥ ಬೆಲೆಯ ಮರಗಳನ್ನೂ ಪರವಾನಗಿ ಪತ್ರವಿಲ್ಲದೆ ಲಾರಿ ಹತ್ತಿಸಿದರೆ ಚೆಕ್ ಪೋಸ್ಟಿನಲ್ಲಿ ಲಾರಿಯೂ ಹೋಯಿತು, ಮಾಲೂ ಹೋಯಿತು. ಈ ಕತೆಯ ನೀತಿ ಏನು? ಜನಕ್ಕೆ ಪಾಲು ಕೊಡದೆ ಬರಿಯ ಬೆದರಿಕೆಯಿಂದ ಕಾಯಲು ಹೊರಟ ಮರ ಉಳಿಯುವುದಿಲ್ಲ.

ರಸ್ತೆ ಅಗಲವಾಯಿತು, ನೆರಳು ಕಿರಿದಾಯಿತು

ಮಳವಳ್ಳಿಯಿಂದ ತುಮಕೂರು, ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೋಗುವ ರಾಜ್ಯ ಹೆದ್ದಾರಿ 2010ರ ದಶಕದಲ್ಲಿ ಕೆಷಿಪ್ ಯೋಜನೆಯಲ್ಲಿ ಅಗಲವಾಯಿತು. ಪ್ರಯಾಣ ಸಲೀಸಾಯಿತು, ಸೊಂಟ ನೋವು ಕಡಿಮೆಯಾಯಿತು. ಸುಳ್ಳು ಹೇಳಬಾರದು, ಅದು ಬೇಕಾಗಿದ್ದ ರಸ್ತೆ. ಆದರೆ ಎರಡು ಬದಿಯಲ್ಲೂ ಕೊಂಬೆಗೆ ಕೊಂಬೆ ಕೂಡಿಸಿಕೊಂಡು ನಿಂತಿದ್ದ ಹಳೆಯ ಮರಗಳು ಹೋದವು. ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದವರು ಈಗ ಬಿಸಿಲು ಬೀಳದ ಪಕ್ಕಕ್ಕೆ ಜಗಳವಾಡುತ್ತಾರೆ. ಪಾವಗಡದವರು ಬಿಸಿಲನ್ನೇ ಬೆಳೆ ಮಾಡಿಕೊಂಡು 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಜಾಗ ಕೊಟ್ಟಿದ್ದಾರೆ. ಮಿಕ್ಕವರು ಈ ಬಿಸಿಲನ್ನು ಏನು ಮಾಡಬೇಕು?

ರಸ್ತೆಗಾಗಿ ಮರ ಹೋಗುವಾಗ ಜನ ಬಾಯಿ ಮುಚ್ಚಿಕೊಂಡು ನೋಡಬೇಕೆಂದೇನೂ ಇಲ್ಲ. 2014-15ರ ಸುಮಾರಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಬಹಿರಂಗ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಬೆಂಗಳೂರಿನವರು ಇದನ್ನು ಹಿಡಿದುಕೊಂಡು ಎಷ್ಟೋ ಸಲ ಅರ್ಜಿ ಹಾಕಿದ್ದಾರೆ, ಹೈಕೋರ್ಟಿಗೂ ಹೋಗಿದ್ದಾರೆ. ಅದೇ ಕಾನೂನು ಕೊರಟಗೆರೆಗೂ ಉಂಟು, ತೋವಿನಕೆರೆಗೂ ಉಂಟು. ಪ್ರಕಟಣೆ ಅಂಟಿಸಿದ್ದನ್ನು ಓದುವ ಕಣ್ಣು ಬೇಕು, ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಯುವ ಕೈ ಬೇಕು. ಅಷ್ಟೇ.

ಮಾತು ಕೇಳಿದರೆ ರಸ್ತೆಯೂ ಬಾಗುತ್ತದೆ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು, ಗಂಡನ ಜೊತೆಗೂಡಿ ಕೊಡಪಾನದಲ್ಲಿ ನೀರು ಹೊತ್ತು ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಮರ ಬೆಳೆಸಿದ ಮಹಾತಾಯಿ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಆ ಮರಗಳಿಗೇ ಕುತ್ತು ಬಂತು! ಅಜ್ಜಿ ಸರ್ಕಾರದ ಬಾಗಿಲಿಗೆ ಹೋಗಿ ನನ್ನ ಮರಗಳನ್ನು ಉಳಿಸಿ ಎಂದು ಕೇಳಿಕೊಂಡರು. ಉಳಿಸುತ್ತೇವೆಂದು ಸರ್ಕಾರ ಮಾತು ಕೊಟ್ಟಿತು. 2025ರ ನವೆಂಬರಿನಲ್ಲಿ ಅಜ್ಜಿ ಕಣ್ಮುಚ್ಚಿದರು. ಇನ್ನು ಆ ಮರಗಳ ಪರವಾಗಿ, ನಮ್ಮ ಮರಗಳ ಪರವಾಗಿ ಮಾತಾಡುವವರು ನಾವೇ ಆಗಬೇಕು.

ಅಂಗಡಿಯವರಿಗೆ ಒಂದು ಮಾತು

ಬೇಸರ ಮಾಡಿಕೊಳ್ಳಬಾರದು. ಮರ ಸಾಯುವುದೆಲ್ಲ ಗುತ್ತಿಗೆದಾರನ ಕೊಡಲಿಯಿಂದಲೇ ಅಲ್ಲ. ಸಂಜೆ ಅಂಗಡಿ ಗುಡಿಸಿ ಕಸವನ್ನು ಮರದ ಬುಡಕ್ಕೆ ಒಟ್ಟಿ ಕಡ್ಡಿ ಗೀರುವವರು ಯಾರು? ಎಲ್ಲರಿಗೂ ಕಾಣಲಿ ಎಂದು ನಾಲ್ಕಿಂಚಿನ ಮೊಳೆ ಹೊಡೆದು ಬೋರ್ಡು ನೇತು ಹಾಕುವವರು ಯಾರು? ಕೆಸರಾಗದಿರಲಿ ಎಂದು ಬುಡದವರೆಗೂ ಸಿಮೆಂಟು ಮೆತ್ತಿ ಅದರ ಬಾಯಿ ಕಟ್ಟುವವರು ಯಾರು? ನೀರು ಇಂಗುವುದಕ್ಕೆ ಒಂದಿಷ್ಟು ಮಣ್ಣೂ ಬಿಡದಿದ್ದರೆ ಮರ ಏನು ಕುಡಿಯಬೇಕು, ಟೀಯನ್ನೇ?

ದೆಹಲಿಯಲ್ಲಿ ಇದೇ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ಕಿತ್ತು ಹಾಕಿ, ಮೊಳೆ, ಬೋರ್ಡು, ತಂತಿ ತೆಗೆಯಿರಿ ಎಂದು 2013ರಲ್ಲಿ ಆಜ್ಞೆಯಾಯಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವಾಗ ಒಂದು ಹಾರೆ ಹಿಡಿದು ಬುಡದ ಸುತ್ತ ಎರಡು ಮೊಳ ಸಡಿಲ ಮಾಡಿದರೆ ಸಾಕು. ಲೋಟ ತೊಳೆದ ನೀರು ಚರಂಡಿಗೆ ಹೋಗುವ ಬದಲು ಅಲ್ಲಿಗೆ ಹೋದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಮರ ಅಂಗಡಿ ಮೇಲೆ ಬಿದ್ದರೆ ಗತಿಯೇನು ಎಂಬ ಭಯ ನ್ಯಾಯವಾದದ್ದೇ. ಅದಕ್ಕೆ ಆಸಿಡ್ ಮದ್ದಲ್ಲ. ಹಾಗೆ ಒಣಗಿಸಿದ ಮರವೇ ಮೊದಲ ಗಾಳಿಗೆ ಬೀಳುವುದು. ಅರಣ್ಯ ಇಲಾಖೆಗೆ ಬರೆದು ಕೊಡಿ, ಒಣ ಕೊಂಬೆ ತೆಗೆಸಿ. ಅಪಾಯದ ಮರವಾದರೆ ಕಡಿಸುವುದಕ್ಕೆ ಕಾನೂನೇ ದಾರಿ ಕೊಟ್ಟಿದೆ.

ಸಾವಿರ ರೂಪಾಯಿನ ಪ್ರಾಣ

ಕೊನೆಯದಾಗಿ ಒಂದು ನಾಚಿಕೆಯ ವಿಷಯ. 1976ರ ಕಾಯಿದೆ ಮುರಿದವರಿಗೆ ಅದು ಇಟ್ಟ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳ ಸಜೆ, ಇಲ್ಲವೆ ಒಂದು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಆ ಕಾಲಕ್ಕೆ ಸಾವಿರ ರೂಪಾಯಿ ದೊಡ್ಡ ಗಂಟು. ಹೆದರುವಂಥ ಮೊತ್ತ. ಇವತ್ತು ಒಂದು ಹುಣಸೆಮರದ ಒಂದು ವರ್ಷದ ಫಸಲೇ ಅದಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ಮರಗಳ್ಳನಿಗೆ ಅದು ದಂಡವಲ್ಲ, ಸುಂಕ. ಕಟ್ಟಿ ನಗುತ್ತಾ ಹೋಗುತ್ತಾನೆ.

ಆದ್ದರಿಂದ ಕಾಯಿದೆಯೊಂದನ್ನೇ ನಂಬಿ ಕೂತರೆ ಮರ ಉಳಿಯದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಮೇಲಿರುವ ಆ ಜಾಗಕ್ಕೆ ನಕ್ಷೆಯಲ್ಲಿ ಗಡಿ ಉಂಟು, ಹೆಸರು ಉಂಟು. ತಿಮ್ಮಲಾಪುರದ ಕಾಡಿನ ಕರಡಿಗೂ ವನ್ಯಧಾಮ ಉಂಟು. ರಸ್ತೆ ಬದಿಯ ಹುಣಸೆಗೆ ಗಡಿಯೂ ಇಲ್ಲ, ಕಾವಲೂ ಇಲ್ಲ. ಅದರ ಕೆಳಗೆ ದಿನಾ ಬಂದು ನಿಲ್ಲುವ ನಾವೇ ಅದರ ಗಡಿ, ನಾವೇ ಅದರ ಕಾವಲು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮರ ಕಡಿಯುವವರು ಬಂದರೆ "ಅಪ್ಪಣೆ ಪತ್ರ ತೋರ್ಸಿ ಸ್ವಾಮಿ" ಎಂದು ಕೇಳುವುದು ಒಂದು. ತೋರಿಸದಿದ್ದರೆ ರೇಂಜ್ ಆಫೀಸಿಗೆ ಫೋನು ಮಾಡುವುದು ಎರಡು. ಪತ್ರದಲ್ಲಿ ಎಷ್ಟು ಮರ ಬರೆದಿದೆ, ಕಡಿದದ್ದು ಎಷ್ಟು ಎಂದು ಎಣಿಸುವುದು ಮೂರು. ಬದಲಿಗೆ ನೆಟ್ಟದ್ದು ಎಲ್ಲಿ ಎಂದು ತಿಂಗಳು ಬಿಟ್ಟು ಕೇಳುವುದು ನಾಲ್ಕು. ಬಸ್ಸಿಗೆ ಕಾಯುವ ಹೊತ್ತಿನಲ್ಲೇ ಮುಗಿಯುವ ಕೆಲಸಗಳಿವು.

ಇನ್ನು ಸಂಬಂಧಪಟ್ಟವರಲ್ಲಿ ಒಂದು ವಿನಂತಿ. ಪ್ರತಿ ಪಂಚಾಯ್ತಿಯ ಗೋಡೆಯ ಮೇಲೆ ಸಾಲ ಮನ್ನಾದಿಂದ ಶೌಚಾಲಯದವರೆಗೆ ಎಲ್ಲವನ್ನೂ ಬರೆಸುತ್ತೀರಿ. ಅದರ ಪಕ್ಕದಲ್ಲಿ, ಯಾವ ಮರ ಕಡಿಯಲು ಅಪ್ಪಣೆ ಬೇಕು, ಯಾವುದಕ್ಕೆ ಬೇಡ, ಅರ್ಜಿ ಯಾರಿಗೆ, ದೂರು ಯಾರಿಗೆ ಎಂದು ನಾಲ್ಕು ಸಾಲು ಬರೆಸಬಾರದೇ? ಸುಣ್ಣ ಬಣ್ಣದ ಖರ್ಚು ಅಷ್ಟೇ. ಕಾನೂನು ಹುಟ್ಟಿ ಅರ್ಧ ಶತಮಾನವಾಯಿತು. ಅದರ ಪರಿಚಯ ಜನಕ್ಕೆ ಆಗುವುದಕ್ಕೆ ಇನ್ನೆಷ್ಟು ವರ್ಷ, ಇನ್ನೆಷ್ಟು ಮರ ಬೇಕು?